ಅರ್ಧ ಮಿಲಿಮೀಟರು

ಕಡೂರು ಬಸ್‌ಸ್ಟ್ಯಾಂಡಿನ ಹಿಂದೆ, ಮೆಡಿಕಲ್ ಸ್ಟೋರಿನ ಮಹಡಿ.
ಬಾಯಿ ತೆರೆದು ಒರಗಿದ್ದೇನೆ,
ಬೋರ್‌ವೆಲ್ ಲಾರಿಯ ತಿಪ್ಪೇಶಿ,
ಸಾವಿರದಿನ್ನೂರು ಅಡಿ ಕೊರೆದವನು.

ಡಾಕ್ಟರ್ ನಫೀಸಾ ಮುಟ್ಟಿ ಮುಟ್ಟಿ ಬಿಡುತ್ತಾರೆ,
ಕಾದ ಹಂಚಿಗೆ ಬೆರಳು ತಾಗಿಸಿದ ಹಾಗೆ.
ನೀರು ಚಿಮ್ಮುತ್ತಲೇ ಇರಬೇಕಂತೆ,
ಬಿಸಿಯೇರಿದರೆ ಒಳಗಿನ ಜೀವ ಬೇಯುತ್ತದಂತೆ.

“ಇನ್ನರ್ಧ ಮಿಲಿಮೀಟರು ಇಳಿದರೆ ನರ.
ಚೂರು ಮೆತ್ತಗಿದೆ, ಇರಲಿ.
ಸಾಕು.”
ಮೇಲೆ ಔಷಧಿ, ಸಿಮೆಂಟು.

ಸಾಕು ಅನ್ನುವುದು
ನನ್ನ ಕಸುಬಿನಲ್ಲಿ ಸೋತವರ ಮಾತು.
ಪಸೆ ಕಾಣುವ ತನಕ ಇಳಿಸು ರಾಡು,
ಇನ್ನೊಂದು ರಾಡು.
ಇಲ್ಲಿ ಪಸೆ ಕಂಡರೆ ಕೆಲಸ ಕೆಟ್ಟಿತು.

ರಾತ್ರಿ ಬಿಂದಿಗೆಯ ತಣ್ಣೀರು ಕುಡಿದೆ.
ಜುಮ್ಮೆಂದಿತು ಹಲ್ಲು, ಒಂದೇ ಗಳಿಗೆ.
ಇದೆ,
ಒಳಗೆ.