ಕೊತ್ತಂಬರಿ ಕಾಳಿನಷ್ಟು

ರೂವಿಯಲ್ಲಿ, ಹಣ ಕಳಿಸುವ ಅಂಗಡಿಯ ಮೇಲಿನ ಮಹಡಿಯಲ್ಲಿ
ಇಪ್ಪತ್ತೆರಡು ವರ್ಷದಿಂದ ಹಲ್ಲು ಮಾಡುತ್ತೇನೆ.
ಮುದುಕರ ಹಲ್ಲು, ಅಪಘಾತದ ಹಲ್ಲು,
ಮದುವೆಗೆ ಮುಂಚೆ ಬೇಕೇಬೇಕಾದ ಒಂದು ಮುಂಬಲ್ಲು.
ಬಾಯಿಗಳು ಗೊತ್ತು ನನಗೆ. ಮುಖಗಳು ಗೊತ್ತಿಲ್ಲ.

ಆ ಸೋಮವಾರದ ಡಬ್ಬಿಯಲ್ಲಿ
ಒಂದು ಹಲ್ಲೂ ಇಲ್ಲದ ಅಚ್ಚು,
ಐವತ್ತು ಬೈಸಾ ನಾಣ್ಯಕ್ಕಿಂತ ತುಸುವೇ ಅಗಲ.
ಚೀಟಿಯಲ್ಲಿ: ಮಿಸ್ರಿಯಾ. ಹದಿನಾಲ್ಕು ವಾರ. ಡೌನ್ ಸಿಂಡ್ರೋಮ್.
ನಾಲಿಗೆ ಹೊರಗೇ ಇರುತ್ತದೆ. ಮಣಿ ಹಿಂದಕ್ಕಿರಲಿ.
ದಾರ ಕಟ್ಟಲು ತೂತು ಮರೆಯಬೇಡಿ.

ಡಾಕ್ಟರಮ್ಮ ಈಜಿಪ್ಟಿನವರು, ಪ್ಲೇಟಿಗೆ ಬ್ಲೇಟ್ ಅನ್ನುತ್ತಾರೆ.
ಬ್ಲೇಟಿನ ಮೇಲೊಂದು ಮಣಿ; ಅದೇನೆಂದು ನಾಲಿಗೆಗೆ ಕುತೂಹಲ;
ಹುಡುಕಿಕೊಂಡು ಒಳಗೆ ಬರುತ್ತದೆ,
ಅದರ ಬೆನ್ನಿಗೇ ತುಟಿ ಮುಚ್ಚಿಕೊಳ್ಳುತ್ತದೆ.
ಎಲ್ಲ ಮಕ್ಕಳಿಗೂ ಹೀಗಾಗುತ್ತದೆಯೇ, ಕೇಳಿದೆ.
ಕೆಲವರಿಗೆ, ಅಂದರು.

ಅಂಗುಳ ಅನ್ನುತ್ತೇವಲ್ಲ,
ಒಂದು ಕೊಂಬು ತೆಗೆದರೆ ಅಂಗಳ.
ದಣಪೆಯ ಮೇಲೆ ಕೂತುಬಿಟ್ಟ ನಾಲಿಗೆ
ಬಯ್ದರೆ ಬರುವುದಿಲ್ಲ,
ಆಟದ ಸಾಮಾನಿಟ್ಟು ಕರೆಯಬೇಕು.

ಮಣಿ ತಿಕ್ಕಿದೆ, ಕೊತ್ತಂಬರಿ ಕಾಳಿನಷ್ಟು.
ನುಣುಪಾಯಿತೇ? ಬೆರಳು ಹೌದೆಂದಿತು.
ನಂಬದೆ ತುಟಿಯನ್ನು ಕೇಳಿದೆ. ತುಟಿ ಒಪ್ಪಲಿಲ್ಲ.
ಕಿಟಕಿಯಾಚೆ ಒಂದು ಹುಲ್ಲೂ ಇಲ್ಲದ ಗುಡ್ಡ,
ಪಾಲಿಶ್ ಕಾಣದ ಅಕ್ರಿಲಿಕ್ಕಿನ ಹಾಗೆ.
ಮತ್ತೆ ತಿಕ್ಕಿದೆ.

ಎರಡು ತಿಂಗಳಿಗೆ ಇನ್ನೊಂದು ಅಚ್ಚು. ಬಾಯಿ ದೊಡ್ಡದಾಗಿತ್ತು.
ಆಮೇಲೆ ಮತ್ತೊಂದು.
ಹಳೆಯದನ್ನು ಎಸೆಯಬೇಕು, ನಿಯಮ. ನಾನು ಎಸೆಯಲಿಲ್ಲ.
ಕಪಾಟಿನಲ್ಲಿ ಸಾಲಾಗಿಟ್ಟೆ,
ಬೆಳೆಯುವ ಮಗುವನ್ನು ಒಳಗಿನಿಂದ ಮಾತ್ರ ಕಂಡವನು.

ರಂಜಾನಿನ ಒಂದು ರಾತ್ರಿ ಫೋನು. ಅಪ್ಪ;
ಸೀಬಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಾನೆ, ಮಾತು ಉಳ್ಳಾಲದ್ದು.
"ಗ್ರೆಗರಿಯಣ್ಣ ಅಲ್ವಾ? ದೊಡ್ಡವಳು ತುಳಿದುಬಿಟ್ಟಳು ಮಾರಾಯ್ರೆ,
ಎರಡು ತುಂಡು."
ಹಿಂದುಗಡೆ ಬುರ್‌ರ್‌ರ್ ಎಂದು ಸದ್ದು.
ಬಸ್ಸು ಸ್ಟಾರ್ಟಲ್ಲಿದೆಯಾ, ಕೇಳಿದೆ.
"ಬಸ್ಸಲ್ಲ, ಇವಳೇ. ಮೊನ್ನೆಯಿಂದ ಇದೇ ಕೆಲಸ.
ತುಟಿ ಸೇರಿಸಿ ಊದುವುದು,
ಗಂಜಿ ಪೂರಾ ನನ್ನ ಯೂನಿಫಾರ್ಮಿಗೆ."
ನಗುತ್ತಿದ್ದ. ಆಮೇಲೆ ಸ್ವಲ್ಪ ಹೊತ್ತು ನಗಲಿಲ್ಲ.
ಅಂಟಿಸುವುದು ಬೇಡ, ಹೊಸತೇ ಮಾಡುತ್ತೇನೆ, ಅಂದೆ.

ಆರನೆಯ ಅಚ್ಚಿನ ಮುಂದುಗಡೆ ಒಂದು ಗುಳ್ಳೆ.
ಪ್ಲಾಸ್ಟರಿನಲ್ಲಿ ಗಾಳಿ ಸಿಕ್ಕಿರಬೇಕೆಂದು
ಚಾಕು ಹಿಡಿದು ಕೆರೆಯಹೋದೆ.
ಹಲ್ಲು.

ಅಲ್ಲಿಂದಾಚೆ ಚೀಟಿ ಬಂದಿಲ್ಲ.
ಬ್ಲೇಟು ಸಾಕಾಗಿರಬಹುದು. ಅವನ ವೀಸಾ ಮುಗಿದಿರಬಹುದು.
ಡಾಕ್ಟರಮ್ಮನನ್ನು ಕೇಳಬಹುದಿತ್ತು, ಕೇಳಿಲ್ಲ.
ಸಿಗ್ನಲ್ಲಿನಲ್ಲಿ ಶಾಲೆಯ ಬಸ್ಸು ಪಕ್ಕಕ್ಕೆ ಬಂದು ನಿಂತರೆ
ಕಾರಿನ ಗಾಜು ಏರಿಸಿ,
ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು,
ಬುರ್‌ರ್‌ರ್.