ಎಡಗಡೆಯ ನೀರು

ಈ ಕಾರಿಗೆ ಬ್ರೇಕು ಎರಡು.
ಒಂದು ಕಲಿಯುವವರದ್ದು, ಒಂದು ನನ್ನದು.
ಆಟಿ ಹಿಡಿದು ನಾಲ್ಕನೇ ದಿನ
ನನ್ನ ಬ್ರೇಕಿನ ಅಡಿಯಲ್ಲಿ ನೀರು,
ಹಿಮ್ಮಡಿ ಮುಳುಗುವಷ್ಟು.
ಏರು ಬಂದರೆ ಸೀಟಿನಡಿಗೆ ಹೋಗುತ್ತದೆ,
ಇಳಿಜಾರಿನಲ್ಲಿ ಹಾಜರಿ ಹಾಕಲು ವಾಪಸು.

"ಟೀಚರೇ, ಮೀನು ಬಿಟ್ಟಿದ್ದೀರಾ?"
ಎಂದಳು ಮಿಸ್ರಿಯಾ.
ನಗು ಬಂತು. ಕ್ಲಚ್ಚು ಬಿಡುವಾಗ ನಗಬಾರದು ಅಂತ
ಅವಳಿಗೆ ಹೇಳಿಕೊಟ್ಟದ್ದು ನಾನೇ.

ಸಂಶಯ ಮೊದಲು ಬಾಗಿಲಿನ ಮೇಲೆ.
ಆಮೇಲೆ ಗಾಜಿನ ಸುತ್ತಲಿನ ರಬ್ಬರಿನ ಮೇಲೆ.
ಕುಂಬಳೆ ಪೇಟೆಯಿಂದ ಅಂಟಿನ ಟ್ಯೂಬು ತಂದು
ಬಿರುಕು ಕಂಡಲ್ಲೆಲ್ಲ ಬಳಿದೆ,
ಕಾಣದಲ್ಲಿಯೂ ಬಳಿದೆ.
ಹಳೆ ಬೈರಾಸು ಹಾಸಿ ಹಿಂಡಿದೆ, ದಿನಕ್ಕೆ ಎರಡು ಬಕೆಟು.
ಬೆಳಿಗ್ಗೆ ನೋಡಿದರೆ ಅಷ್ಟೇ ನೀರು,
ಬಾಡಿಗೆ ಕೇಳಲು ಬಂದವನ ಹಾಗೆ ಕೂತಿರುತ್ತಿತ್ತು.

ಬೇಳದ ಬೊನಿಫಾಸ್ ಬಾಗಿಲು ತೆರೆಯಲೇ ಇಲ್ಲ.
ಬಾಯಿ ಪೂರ ಬೀಡಾ. ಕಾರಿನ ನೆತ್ತಿ ನೋಡಿ
"ರಾತ್ರಿ ಎಲ್ಲಿ ನಿಲ್ಲಿಸ್ತೀರಿ?"
"ಪಂಚಾಯತು ಬಾವಿಯ ಹತ್ತಿರ, ಹುಣಸೆ ಮರದಡಿ."
"ಹ್ಞಾಂ," ಎಂದು ಉಗಿದು ಬಂದ.

ವೈಪರಿನ ಕೈ ಎರಡೂ ಕಳಚಿದ.
ಗಾಜಿನ ಬುಡದ ಕರಿ ಪ್ಲಾಸ್ಟಿಕ್ಕಿನ ಜಾಳಿಗೆ,
ಅದರ ಕ್ಲಿಪ್ಪುಗಳು ಟಪ್ಪು, ಟಪ್ಪು,
ಮೂರು ಉಳಿದವು, ಐದು ತುಂಡು.
ಎತ್ತಿದರೆ
ಕಾರಿನ ಅಗಲಕ್ಕೂ ಒಂದು ತೊಟ್ಟಿ!
ಹನ್ನೊಂದು ವರ್ಷದಲ್ಲಿ ನನಗದು ಗೊತ್ತಿರಲಿಲ್ಲ.
ತುಂಬ ಕರಿ ಗೊಜ್ಜು.
ಹುಳಿ ವಾಸನೆ, ಏಸಿ ಹಾಕಿದಾಗೆಲ್ಲ ಬರುತ್ತಿದ್ದದ್ದು,
ಕಲಿಯುವವರ ಬೆವರು ಅಂತ ನಾನು ತಿಳಿದದ್ದು.

ದೊಡ್ಡ ಎಲೆ ಮೇಲೆಯೇ ನಿಲ್ಲುತ್ತದೆ.
ಹಲಸಿನದ್ದೋ ಬಾದಾಮಿಯದ್ದೋ
ದಿನಾ ಹೆಕ್ಕಿ ಬಿಸಾಡುತ್ತಿದ್ದೆ,
ಗುಡಿಸಿ ಆಯಿತೆಂಬ ಸಮಾಧಾನ.
ಹುಣಸೆಯ ಎಲೆ ಉಗುರಿನ ಅರ್ಧ ಇಲ್ಲ.
ಯಾರನ್ನೂ ಕೇಳದೆ ಒಳಗೆ ಹೋಗುತ್ತದೆ.

ಕೈ ಹಾಕಿ ತೋಡಿದೆ. ಕಡಜದ ಮಣ್ಣಿನ ಗೂಡು ಪುಡಿಯಾಯಿತು.
ಅದರಾಚೆ, ಕೆಸರಿನ ನಡುವೆ,
ಒಂದು ಹುಣಸೆ ಸಸಿ.
ಬೆರಳುದ್ದ, ಬಿಳಿಚಿದ್ದು,
ಜಾಳಿಗೆಯ ಒಂದೇ ತೂತಿನ ಬೆಳಕಿಗೆ
ಕತ್ತು ಓರೆ ಮಾಡಿ ನಿಂತದ್ದು.
ಟೆಸ್ಟಿನ ಮೈದಾನಿನಲ್ಲಿ
ಕಂಬಗಳ ನಡುವೆ ನಾವು ಎಚ್ಚು ಹಾಕುವಾಗ
ಅದೂ ಹಿಂದೆ ಮುಂದೆ ಹೋಗಿ ಬಂದಿರಬೇಕು,
ಪಾಸಾದವರ ಜೊತೆ,
ಕಂಬಕ್ಕೆ ತಾಗಿಸಿ ಅತ್ತವರ ಜೊತೆ.

ತೊಟ್ಟಿಯ ಮೂಲೆಯಲ್ಲಿ ರಬ್ಬರಿನ ಬಾಯಿ,
ಬಾತುಕೋಳಿಯ ಕೊಕ್ಕಿನ ಹಾಗೆ, ತುಟಿ ಕಚ್ಚಿಕೊಂಡದ್ದು.
ಬೊನಿಫಾಸ್ ಹಳೆ ಸ್ಕೂಟರಿನ ಕ್ಲಚ್ ವಯರು ತೂರಿಸಿದ.
ತಿರುಪಿದ. ಎಳೆದ. ಎಂತ ಇಲ್ಲ.
ಮತ್ತೆ ತೂರಿಸಿದ.
ಆಮೇಲೆ ಚಕ್ರದ ಹಿಂದೆ ಎಲ್ಲೋ
ಗೊಳಕ್ ಎಂದು
ಚಾದ ಬಣ್ಣದ ನೀರು, ತುಂಬ ಹೊತ್ತು,
ಅವನ ಗ್ಯಾರೇಜಿನ ಜಲ್ಲಿಯ ಮೇಲೆ.

ನಾನು ಬಳಿದ ಅಂಟನ್ನು ಉಗುರಿನಲ್ಲಿ ಕೆರೆದು ತೋರಿಸಿದ.
"ನೀರು ಬರುವುದು ತಪ್ಪಲ್ಲ ಬಾಯಮ್ಮಾ,
ಬರಲಿಕ್ಕೆ ಅಂತಲೇ ಜಾಗ ಇಟ್ಟಿದ್ದಾರೆ.
ಹೋಗಲಿಕ್ಕೆ ಇಟ್ಟದ್ದನ್ನು ನೀವು ನೋಡಲಿಲ್ಲ."
ನೂರೈವತ್ತು ತೆಗೆದುಕೊಂಡ.
ಕ್ಲಿಪ್ಪಿನ ಬದಲು ಕಟ್ಟಿದ ತಂತಿ ಈಗಲೂ ಹಾಗೇ ಉಂಟು.
ಸಸಿಯನ್ನು ಹಾಲಿನ ಪ್ಯಾಕೆಟಿನಲ್ಲಿ ನೆಟ್ಟಿದ್ದೆ.
ಬದುಕಲಿಲ್ಲ.

ಮರುವಾರ ಸೀತಾಂಗೋಳಿಯ ಇಳಿಜಾರು. ಜಡಿಮಳೆ.
ಎದುರಿನಿಂದ ಬಸ್ಸು, ರಸ್ತೆಯ ಮುಕ್ಕಾಲು ತನ್ನದೇ ಎಂದು.
ನನ್ನ ಕಾಲು ಅಭ್ಯಾಸದ ಹಾಗೆ ಬ್ರೇಕಿನ ಮೇಲೆ,
ಅಡಿಯಲ್ಲಿ ಮ್ಯಾಟು ಒಣಗಿ ಗರಿಗರಿ.
ಮಿಸ್ರಿಯಾ ಮೂರನೇ ಗೇರಿನಿಂದ ಎರಡಕ್ಕೆ ತಂದಳು.
ನಾನು ಹೇಳಿರಲಿಲ್ಲ.
ಎಡಕ್ಕೆ ತಂದಳು. ಕಾಯ್ದಳು.
ಬಸ್ಸು ಎರಚಿದ ಕೆಂಪು ನೀರಿಗೆ ಗಾಜು ಪೂರ ಮುಚ್ಚಿತು.
ಏನೂ ಕಾಣದ ಆ ಗಳಿಗೆಯಲ್ಲಿ ಕಾಲು ತೆಗೆದೆ.

ಬಾನೆಟ್ಟಿನ ಬುಡದಿಂದ ಸದ್ದು,
ಬಿಸಿಲಲ್ಲಿ ನಡೆದು ಬಂದವರು
ತಂಬಿಗೆ ಎತ್ತಿ ಕುಡಿಯುತ್ತಿರುವ ಹಾಗೆ.