ವೈರಿಲ್ಲದ್ದು

ಮೂರನೇ ಸಲ ಮುರಿಯಿತು ಕೂವೆಮರ.
ಬಿರುಗಾಳಿಗಲ್ಲ. ಮೇಜಿನಂಚಿಗೆ ಸಿಕ್ಕಿಕೊಂಡಿದ್ದ
ಡ್ರಿಲ್ಲಿನ ವೈರು ತಟ್ಟನೆ ಬಿಡಿಸಿಕೊಂಡು, ಬಾಲ ಬೀಸಿ,
ಬೈತಖೋಲದ ಇಡೀ ಬಂದರನ್ನೇ ಗುಡಿಸಿಹಾಕಿತು:
ಬೆಂಕಿಕಡ್ಡಿಯ ಏಣಿ, ನೂಲಿನ ಬಲೆ,
ಅಕ್ಕಿಕಾಳಿನಷ್ಟುದ್ದದ ಬಂಗಡೆ ತುಂಬಿದ ಬುಟ್ಟಿ,
ಐವತ್ತಕ್ಕೆ ಒಂದರ ಅಳತೆಯಲ್ಲಿ
ಎರಡು ವರ್ಷ.

ವೈರೇ ವೈರಿ, ಎಂದೆ ತಂಗಿಗೆ.
ಅವಳು ನಗಲಿಲ್ಲ. ಮಂಚದ ಕೆಳಗೆ ಟಾರ್ಚು ಹಿಡಿದು
ಏಣಿ ಹುಡುಕುತ್ತಿದ್ದಳು.

ಶನಿವಾರ ಅರ್ಧ ದಿನ. ಹಲ್ಲಿನ ಲ್ಯಾಬಿನ ಬಾಗಿಲೆಳೆದು,
ಉಗುರಸಂದಿಯ ಗುಲಾಬಿ ಪುಡಿಯನ್ನೂ ತೊಳೆಯದೆ
ಪೆಡ್ನೇಕರರ ಅಂಗಡಿಯ ಮೆಟ್ಟಿಲು ಹತ್ತಿದೆ.
ಹತ್ತೊಂಬತ್ತು ವರ್ಷ ಕಂಡವರ ದವಡೆ ತೀಡಿದ ಕೈ,
ಪೆನ್ನು ಹಿಡಿದರೂ ಕಿರುಬೆರಳು ಆಸರೆ ಹುಡುಕುತ್ತದೆ.

"ಇದು ನೋಡಿ." ಕರಿ ಪೆಟ್ಟಿಗೆ.
ಹನ್ನೆರಡು ವೋಲ್ಟು, ನಿಮಿಷಕ್ಕೆ ಮೂವತ್ತು ಸಾವಿರ ಸುತ್ತು,
ಎಣಿಸಲಾರದಷ್ಟು ಬಿಡಿಭಾಗ, ಆರು ತಿಂಗಳ ಗ್ಯಾರಂಟಿ.
ಎತ್ತಿಕೊಂಡೆ: ಅರ್ಧ ಕಿಲೋ ಪಾಪ್ಲೆಟ್ಟಿನ ತೂಕ,
ಅಷ್ಟೂ ಬಾಲದ ಕಡೆಗೆ.
ಹತ್ತು ನಿಮಿಷ ಹಿಡಿದರೆ ಮಣಿಕಟ್ಟು ಕೇಳುತ್ತದೆ
ಇದು ಯಾರ ಹವ್ಯಾಸ ಎಂದು.

ಎರಡನೆಯದು ಕಿತ್ತಳೆ ಬಣ್ಣ. ಬೆಳಕಿಗೆ ಹಿಡಿದು
ನಿಧಾನಕ್ಕೆ ತಿರುಗಿಸಿದೆ. ಬೈರಿಗೆಯ ತುದಿ
ಚುಕ್ಕಿಯಾಗಿ ನಿಲ್ಲದೆ ಉಂಗುರವಾಯಿತು.
"ಸ್ವಲ್ಪ ನಡುಗುತ್ತೆ, ಅಷ್ಟೇ."
ಸ್ವಲ್ಪ ಅಂದರೆ ಎಷ್ಟು? ಅರ್ಧ ಮಿಲಿಮೀಟರು
ನನ್ನ ಬಂದರಿನಲ್ಲಿ ಒಂದಿಂಚು ಬಿರುಕು.
ದೋಣಿ ಮುಳುಗಲು ಅಷ್ಟು ಸಾಕು.

ಮೂರನೆಯದು ಗಾಜಿನ ಕೆಳಗೆ, ಮೂಲೆಯಲ್ಲಿ ಮಲಗಿತ್ತು,
ಬೆಲೆಚೀಟಿಯ ಶಾಯಿ ಮಾಸಿ. ಪೆನ್ನಿನ ಹಾಗೆ ಸಪೂರ,
ಮೊಬೈಲಿನ ಚಾರ್ಜರೇ ಸಾಕು ಅದರ ಹೊಟ್ಟೆಗೆ,
ಮೂಗಿನ ತುದಿಯಲ್ಲೊಂದು ಸಣ್ಣ ದೀಪ.
"ಅದು ಬೇಡ ಮೇಡಂ, ಬಲ ಇಲ್ಲ.
ಒತ್ತಿದರೆ ನಿಂತೇ ಬಿಡುತ್ತೆ. ಇಬ್ಬರು ವಾಪಸು ಕೊಟ್ಟರು."
ಒತ್ತಿದೆ, ಪರ್ಸಿನಲ್ಲಿದ್ದ ತೇಗದ ಚೂರಿಗೆ.
ಉಸ್ಸೆಂದು ನಿಂತಿತು. ಬಿಟ್ಟೆ. ತಿರುಗಿತು.
ಒತ್ತಿದೆ. ನಿಂತಿತು.

ನನ್ನ ಎಡ ಹೆಬ್ಬೆರಳಿಗೆ ಅರ್ಧವೇ ಉಗುರು.
ಲ್ಯಾಬಿನ ಯಂತ್ರಕ್ಕೆ ನಿಲ್ಲುವುದು ಗೊತ್ತಿರಲಿಲ್ಲ,
ಹಲ್ಲನ್ನೂ ಬೆರಳನ್ನೂ ಒಂದೇ ಶ್ರುತಿಯಲ್ಲಿ ತಿಂದಿತ್ತು.
ಹೆಣ್ಣು ನೋಡಲು ಬಂದವರೊಬ್ಬರು
ಚಹಾ ಆರುವವರೆಗೂ ಅದನ್ನೇ ನೋಡಿದ್ದರು.

"ಇದನ್ನೇ ಕೊಡಿ."
ಪೆಡ್ನೇಕರರು ಕೇಳದೆಯೇ ನೂರು ರೂಪಾಯಿ ಇಳಿಸಿದರು.
ಪಾಪ ಅನ್ನಿಸಿರಬೇಕು.

ರಾತ್ರಿ ಕೋಡಿಬಾಗದಲ್ಲಿ ಕರೆಂಟಿಲ್ಲ.
ಕಾಳಿ ಸೇತುವೆಯ ಮೇಲೆ ಲಾರಿಗಳ ದೀಪ
ಒಂದೊಂದಾಗಿ ಗೋವೆಗೆ ದಾಟುತ್ತಿವೆ.
ಮಚವೆಗಳು ಈಗ ಬರುವುದಿಲ್ಲ ಈ ದಂಡೆಗೆ.
ಆರು ವರ್ಷದವಳಿದ್ದಾಗ ಒಮ್ಮೆ ಹತ್ತಿದ್ದೆ,
ಹಂಚು ತುಂಬಿತ್ತು, ಅಪ್ಪನ ಲುಂಗಿ ಕೆಂಪಾಗಿತ್ತು,
ಇಷ್ಟೇ ನೆನಪು. ಉಳಿದದ್ದೆಲ್ಲ ಅಳತೆ.

ಕಿರುಬೆರಳು ಊರಿ, ಉಸಿರು ಹಿಡಿದು,
ಮೂರು ಮಿಲಿಮೀಟರಿನ ಬೈರಿಗೆಯನ್ನು
ಹಲಗೆಗೆ ಮುಟ್ಟಿಸಿದೆ. ತೇಗದ ಪುಡಿ ಎದ್ದಿತು,
ಸುಟ್ಟ ವಾಸನೆಯಿಲ್ಲದೆ.
ಎರಡು ಸಲ ನಿಂತಿತು.
ಎರಡು ಸಲವೂ ಅವಸರ ನನ್ನದೇ.

ಕೂವೆಮರ ನೆಟ್ಟು, ಅಂಟು ಒಣಗಲೆಂದು ಕೈ ತೆಗೆದೆ.
ಎಲ್ಲಿತ್ತೋ, ಒಂದು ಸೊಳ್ಳೆ ಬಂದು
ತುದಿಯಲ್ಲಿ ಕೂತು ಹಿಂಗಾಲು ಚಾಚಿತು.
ಐವತ್ತರಿಂದ ಗುಣಿಸಿದೆ:
ಹೆಚ್ಚುಕಡಿಮೆ ಒಂದು ಕಡಲಹಕ್ಕಿ.
ಓಡಿಸಲಿಲ್ಲ.